ಗಿನಿಯಿಲಿಯ ಆರೈಕೆ

ಶಿಕಾರಿಪುರವೆಂಬ ಹೆಸರಿನಲ್ಲಿಯೇ ಬೇಟೆಯ ನೆನಪಿದೆ. ಈಗ ಅಲ್ಲಿ ಬೇಟೆಯೂ ಇಲ್ಲ, ಬೇಟೆಗಾರರ ಬಿಡಾರಗಳೂ ಇಲ್ಲ. ಭತ್ತ, ಮೆಕ್ಕೆಜೋಳ, ಅಡಿಕೆಗಳ ನಡುವೆ ಬೆಳೆದ ತಾಲ್ಲೂಕು ಪಟ್ಟಣ ಅದು. ಆ ಪಟ್ಟಣದ ನಮ್ಮ ಮನೆಗೆ ಒಂದು ಬೇಸಗೆಯ ಆರಂಭದಲ್ಲಿ, ರಟ್ಟಿನ ಪೆಟ್ಟಿಗೆಯೊಂದರಲ್ಲಿ ಕುಳಿತು, ಶಿವಮೊಗ್ಗದಿಂದ ಬಸ್ಸಿನಲ್ಲಿ ಎರಡು ಪುಟ್ಟ ಪ್ರಾಣಿಗಳು ಬಂದವು. ಒಂದು ಕಪ್ಪು-ಬಿಳಿ, ಇನ್ನೊಂದು ಗೋದಿಬಣ್ಣದ್ದು. ಮುಷ್ಟಿಗಿಂತ ತುಸು ದೊಡ್ಡವು. ಬಾಲವಿಲ್ಲ, ಕಿವಿಗಳು ಹೂವಿನ ಎಸಳಿನಂತೆ ತೆಳುವಾದವು, ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರೇ ಬೆರಳು. ಪೆಟ್ಟಿಗೆಯ ಮುಚ್ಚಳವನ್ನು ತೆಗೆದ ಕೂಡಲೇ ಎರಡೂ ಒಂದರ ಹಿಂದೊಂದು ಅಡಗಿ, ಉಸಿರು ಬಿಗಿಹಿಡಿದು, ಕಲ್ಲಿನಂತೆ ಕುಳಿತುಬಿಟ್ಟವು. ಊರಿನಿಂದ ಬೇಟೆಗಾರರು ಹೋಗಿ ಎಷ್ಟು ಕಾಲವಾದರೇನು? ಬೇಟೆಯ ಭಯ ಆ ಜೀವಗಳ ರಕ್ತದಲ್ಲಿಯೇ ಇತ್ತು.

ಅಂಗಡಿಯವರೂ ಮಕ್ಕಳೂ ಈ ಪ್ರಾಣಿಯನ್ನು ಗಿನಿಪಿಗ್ ಎಂದು ಕರೆಯುತ್ತಾರೆ. ಪುಸ್ತಕಗಳಲ್ಲಿ ಗಿನಿಹಂದಿ ಎಂದೂ ಗಿನಿಯಿಲಿ ಎಂದೂ ಕಾಣುತ್ತದೆ. ಹಂದಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇಲಿ, ಅಳಿಲು, ಮುಳ್ಳುಹಂದಿಗಳಂತೆ ಇದು ದಂಶಕ ವರ್ಗಕ್ಕೆ ಸೇರಿದುದು. ಆದುದರಿಂದ ಗಿನಿಯಿಲಿ ಎನ್ನುವುದೇ ಹೆಚ್ಚು ಸರಿ. ಗಿನಿ ಎಂಬ ಭಾಗವೂ ತಪ್ಪೇ. ಗಿನಿಯೆಂಬುದು ಆಫ್ರಿಕದ ಪಶ್ಚಿಮ ಕರಾವಳಿಯ ನಾಡು. ಈ ಪ್ರಾಣಿಯ ತವರಾದರೋ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ. ಅಲ್ಲಿಯ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿ, ಅಡುಗೆಮನೆಯ ಮೂಲೆಯಲ್ಲಿ ಹುಲ್ಲು ಹಾಕಿ ಸಾಕಿ, ಮಾಂಸಕ್ಕಾಗಿ ಬಳಸುತ್ತಿದ್ದರು. ಪೆರು ದೇಶದಲ್ಲಿ ಆ ಪದ್ಧತಿ ಇಂದಿಗೂ ಇದೆ. ಅದರ ಕೂಗನ್ನೇ ಅನುಕರಿಸಿ ಅಲ್ಲಿಯವರು ಅದನ್ನು ‘ಕುಯ್’ ಎನ್ನುತ್ತಾರೆ. ಹದಿನಾರನೆಯ ಶತಮಾನದಲ್ಲಿ ಹಡಗುಗಳ ಮೂಲಕ ಯೂರೋಪಿಗೆ ಬಂದ ಮೇಲೆ ಅದು ಶ್ರೀಮಂತರ ಮನೆಗಳ ಮುದ್ದಿನ ಪ್ರಾಣಿಯಾಯಿತು. ಅನಂತರ ವಿಜ್ಞಾನಿಗಳ ಪ್ರಯೋಗಶಾಲೆಯನ್ನು ಸೇರಿತು. ಆ ಪ್ರಯೋಗಶಾಲೆಯ ಕಥೆಗೆ ಮುಂದೆ ಬರೋಣ.

ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಹದ್ದು, ಹಾವು, ನರಿಗಳಿಗೆ ಆಹಾರವಾಗುತ್ತ ಬಂದ ಪ್ರಾಣಿಯಿದು. ಗುಂಪಿನಲ್ಲಿ ಕುಂಟುವುದನ್ನೋ ಬಳಲಿದುದನ್ನೋ ಹುಡುಕಿ ಹಿಡಿಯುವುದು ಬೇಟೆಯ ಪ್ರಾಣಿಗಳ ರೂಢಿ. ಅದರಿಂದಾಗಿ ಗಿನಿಯಿಲಿ ತನ್ನ ನೋವನ್ನು ಹೊರಗೆ ತೋರಿಸುವುದಿಲ್ಲ. ನಾಯಿ ನರಳುತ್ತದೆ, ಹಸು ಮೇವು ಬಿಟ್ಟು ನಿಲ್ಲುತ್ತದೆ, ಗಿನಿಯಿಲಿ ಮಾತ್ರ ಕೊನೆಯ ಎರಡು ದಿನದವರೆಗೂ ಹುಲ್ಲಿನ ಮುಂದೆ ಕುಳಿತು ತಿನ್ನುವವರಂತೆ ಕಾಣಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ‘ಇದ್ದಕ್ಕಿದ್ದಂತೆ ಸತ್ತಿತು’ ಎಂದು ಕಾಣುವ ಸಾವಿನ ಹಿಂದೆ ಹಲವು ಸಲ ವಾರಗಳ ಕಾಯಿಲೆ ಇರುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಪ್ರಾಣಿಗಳನ್ನು ಮಾರಿದವನು, “ಏನು ಹಾಕಿದರೂ ತಿನ್ನುತ್ತವೆ, ಯೋಚನೆ ಬೇಡ” ಎಂದು ಹೇಳಿ ಕಳುಹಿಸಿದ್ದನು. ನಾವೂ ಹಾಗೆಯೇ ಮಾಡಿದೆವು. ಉಳಿದ ಅನ್ನ, ಚಪಾತಿಯ ಚೂರು, ಹಸುವಿನ ಬೂಸಾ, ನೆನೆಸಿದ ಕಡಲೆ, ಇವೇ ಅವುಗಳ ಊಟ. ಬೇಸಗೆಯಾದುದರಿಂದ ಹಿತ್ತಲಿನ ಹುಲ್ಲು ಒಣಗಿತ್ತು. ಸೊಪ್ಪನ್ನು ಕೊಂಡು ತಂದು ಹಾಕಬೇಕೆಂಬ ವಿಚಾರ ಯಾರಿಗೂ ಹೊಳೆಯಲಿಲ್ಲ. ಮೂರು ವಾರಗಳಾಗುವಷ್ಟರಲ್ಲಿ ಕಪ್ಪು-ಬಿಳಿಯ ಮೈಗೂದಲು ಕೆದರಿತು. ಅದು ನಡೆಯುವುದನ್ನು ಬಿಟ್ಟು ತೆವಳತೊಡಗಿತು. ಹಿಂಗಾಲನ್ನು ಮುಟ್ಟಿದರೆ ಚೀರುತ್ತಿತ್ತು. ಮಂಡಿಯ ಗಂಟು ಊದಿಕೊಂಡಿತ್ತು. ನನ್ನ ಮಗ ಆಗ ಆರನೆಯ ತರಗತಿಯಲ್ಲಿದ್ದ. ಅವನು ಎತ್ತಿಕೊಂಡು ಆಡಿಸುವಾಗ ಬೀಳಿಸಿರಬೇಕೆಂದು ನಾನು ನಿಶ್ಚಯಿಸಿದೆ. “ಇಲ್ಲಪ್ಪ, ನಾನು ಬೀಳಿಸಲಿಲ್ಲ” ಎಂದು ಅವನು ಮತ್ತೆ ಮತ್ತೆ ಹೇಳಿದರೂ ಕೇಳದೆ ಗದರಿಸಿದೆ. ಮರುದಿನ ಬೆಳಗ್ಗೆ ಆ ಪ್ರಾಣಿ ಸತ್ತಿತ್ತು. ಎರಡನೆಯದೂ ಅದೇ ರೀತಿ ಕಾಲೆಳೆಯುವುದನ್ನು ಕಂಡಾಗ ಮಾತ್ರ ನನಗೆ ಅನುಮಾನ ಬಂದು, ಅದನ್ನು ಪಶುವೈದ್ಯರ ಬಳಿಗೆ ಕೊಂಡೊಯ್ದೆ. ಅವರು ಕಾಲನ್ನೂ ಒಸಡನ್ನೂ ನೋಡಿ ಕೇಳಿದ ಮೊದಲ ಪ್ರಶ್ನೆ: “ಇದಕ್ಕೆ ಹಸಿರು ಏನು ಹಾಕುತ್ತೀರಿ?”

ಅದು ಮೂಳೆ ಮುರಿತವಾಗಿರಲಿಲ್ಲ. ಸ್ಕರ್ವಿ ಎಂಬ ರೋಗ, ಎಂದರೆ ಸಿ ಜೀವಸತ್ವದ ಕೊರತೆ. ಹಿಂದೆ ತಿಂಗಳುಗಟ್ಟಲೆ ಸಮುದ್ರದ ಮೇಲೆ ಒಣ ರೊಟ್ಟಿ, ಉಪ್ಪಿನ ಮಾಂಸಗಳನ್ನೇ ತಿನ್ನುತ್ತಿದ್ದ ನಾವಿಕರನ್ನು ಒಸಡಿನಲ್ಲಿ ರಕ್ತ ಒಸರಿಸಿ, ಕೀಲುಗಳನ್ನು ಊದಿಸಿ ಕೊಲ್ಲುತ್ತಿದ್ದ ರೋಗ ಅದೇ. ಬಹುತೇಕ ಸಸ್ತನಿಗಳು ಈ ಜೀವಸತ್ವವನ್ನು ತಮ್ಮ ಪಿತ್ತಜನಕಾಂಗದಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ಹಸು, ನಾಯಿ, ಬೆಕ್ಕು, ಇಲಿ, ಮೊಲ ಇವುಗಳಿಗೆ ಅದನ್ನು ಹೊರಗಿನಿಂದ ಕೊಡಬೇಕಾಗಿಲ್ಲ. ಆ ಶಕ್ತಿಯನ್ನು ಕಳೆದುಕೊಂಡ ಕೆಲವೇ ಪ್ರಾಣಿಗಳಲ್ಲಿ ಗಿನಿಯಿಲಿ ಒಂದು. ಮಂಗಗಳೂ ಮನುಷ್ಯನೂ ಆ ಸಾಲಿನಲ್ಲಿಯೇ ಇದ್ದಾರೆ. ಈ ಒಂದು ವಿಷಯದಲ್ಲಿ ಗಿನಿಯಿಲಿಯು ಇಲಿಗಿಂತ ನಮಗೇ ಹತ್ತಿರ.

ಈ ಹತ್ತಿರದ ನಂಟು ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. 1907ರಲ್ಲಿ ನಾರ್ವೆ ದೇಶದ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ಇಬ್ಬರು, ಹಡಗಿನ ನೌಕರರಿಗೆ ಬರುತ್ತಿದ್ದ ಬೆರಿಬೆರಿ ರೋಗದ ಕಾರಣವನ್ನು ಹುಡುಕಲು ಹೊರಟು, ಗಿನಿಯಿಲಿಗಳಿಗೆ ಬರಿಯ ಕಾಳು, ರೊಟ್ಟಿಗಳನ್ನು ತಿನ್ನಿಸಿದರು. ಬೆರಿಬೆರಿ ಬರಲಿಲ್ಲ, ಸ್ಕರ್ವಿ ಬಂದಿತು. ಎಲೆಕೋಸನ್ನೋ ನಿಂಬೆರಸವನ್ನೋ ಕೊಟ್ಟಾಗ ರೋಗ ಮಾಯವಾಯಿತು. ಅಂದಿನಿಂದ ಈ ರೋಗವನ್ನು ಪ್ರಾಣಿಯಲ್ಲಿ ಪರೀಕ್ಷಿಸುವ ದಾರಿ ತೆರೆಯಿತು. 1932ರ ವೇಳೆಗೆ ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಮತ್ತು ಆತನ ಸಹೋದ್ಯೋಗಿ, ತಾವು ಬೇರ್ಪಡಿಸಿದ್ದ ವಸ್ತುವೇ ಸಿ ಜೀವಸತ್ವವೆಂದು ಗಿನಿಯಿಲಿಗಳ ಮೇಲೆಯೇ ಪ್ರಯೋಗಿಸಿ ತೋರಿಸಿದರು. ಸೆಂಟ್ ಗ್ಯೋರ್ಗಿಗೆ 1937ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅದಕ್ಕಿಂತ ಮೊದಲು, 1882ರಲ್ಲಿ, ರಾಬರ್ಟ್ ಕಾಕ್ ಕ್ಷಯರೋಗದ ಜೀವಾಣುವನ್ನು ಸ್ಥಾಪಿಸಿದಾಗಲೂ ಸಾಕ್ಷಿಯಾಗಿ ನಿಂತದ್ದು ಇದೇ ಪ್ರಾಣಿ. ಮನುಷ್ಯನ ಆರೋಗ್ಯಕ್ಕಾಗಿ ಇಷ್ಟು ತೆತ್ತ ಪ್ರಾಣಿಯ ಆರೋಗ್ಯದ ಬಗೆಗೆ, ಅದನ್ನು ಮನೆಗೆ ತಂದ ಮನುಷ್ಯನಿಗೆ ಎರಡು ಮಾತು ತಿಳಿದಿಲ್ಲದಿರುವುದು ವಿಚಿತ್ರವೇ ಸರಿ. ನಾರ್ವೆಯ ವಿಜ್ಞಾನಿಗಳು ತಿಳಿದು ಮಾಡಿದ ಪ್ರಯೋಗವನ್ನು ನಾನು ಶಿಕಾರಿಪುರದಲ್ಲಿ ತಿಳಿಯದೆ ಮಾಡಿದ್ದೆ.

ಹಾಗಾದರೆ ಎಷ್ಟು ಬೇಕು? ಒಂದು ಕಿಲೋಗ್ರಾಂ ತೂಕದ ಗಿನಿಯಿಲಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಬೇಕು. ಗಬ್ಬದ ಪ್ರಾಣಿಗೂ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವುದಕ್ಕೂ ಹೆಚ್ಚು. ಈ ಪ್ರಮಾಣವನ್ನು ಒದಗಿಸಲು ಔಷಧದ ಅಂಗಡಿಗೆ ಹೋಗಬೇಕಾಗಿಲ್ಲ. ನೂರು ಗ್ರಾಂ ಪೇರಲೆಹಣ್ಣಿನಲ್ಲಿ 200 ಮಿಲಿಗ್ರಾಮಿಗಿಂತ ಹೆಚ್ಚು ಸಿ ಜೀವಸತ್ವವಿದೆ. ಎಂದ ಮೇಲೆ ಹೆಬ್ಬೆರಳಿನಷ್ಟು ಹೋಳು ಒಂದು ದಿನಕ್ಕೆ ಸಾಕು. ಬೆಟ್ಟದ ನೆಲ್ಲಿಕಾಯಿ ಇದಕ್ಕಿಂತಲೂ ಶ್ರೇಷ್ಠ. ಆದರೆ ಹುಳಿಯೆಂದು ಕೆಲವು ಪ್ರಾಣಿಗಳು ಮುಖ ತಿರುಗಿಸುತ್ತವೆ. ದೊಣ್ಣೆಮೆಣಸಿನಕಾಯಿಯ ಒಂದು ಸೀಳು, ಕೊತ್ತಂಬರಿ ಸೊಪ್ಪಿನ ನಾಲ್ಕು ಕಡ್ಡಿ ದಿನವೂ ಕೊಡಬಹುದಾದವು. ನುಗ್ಗೆಸೊಪ್ಪಿನಲ್ಲಿ ಈ ಸತ್ವ ಯಥೇಚ್ಛವಾಗಿದ್ದರೂ ಸುಣ್ಣದ ಅಂಶವೂ ಅಷ್ಟೇ ಇದೆ. ಬೆಳೆದ ಗಿನಿಯಿಲಿಗೆ ಸುಣ್ಣ ಅತಿಯಾದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಭಯವುಂಟು. ಆದುದರಿಂದ ಅದು ವಾರಕ್ಕೊಮ್ಮೆ ಸಾಕು. ಪಾಲಕ್, ಹರಿವೆಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಸೊಪ್ಪನ್ನು ಬೇಯಿಸಿ ಹಾಕಬಾರದು, ಬೆಂದಾಗ ಈ ಜೀವಸತ್ವ ನಾಶವಾಗುತ್ತದೆ. ಮಾತ್ರೆಯನ್ನು ನೀರಿನಲ್ಲಿ ಕದಡಿ ಇಡುವವರಿದ್ದಾರೆ. ನೀರಿನಲ್ಲಿಯೂ ಬೆಳಕಿನಲ್ಲಿಯೂ ಅದು ಬೇಗನೆ ಕೆಡುವುದರಿಂದ ಸಂಜೆಯ ಹೊತ್ತಿಗೆ ಉಳಿಯುವುದು ಬರಿಯ ನೀರು. ಅಂಗಡಿಯ ಗುಳಿಗೆಯಾಹಾರವನ್ನು ಕೊಳ್ಳುವುದಾದರೆ ಗಿನಿಯಿಲಿಗೆಂದೇ ತಯಾರಿಸಿದುದನ್ನು, ತಯಾರಾಗಿ ಮೂರು ತಿಂಗಳು ಮೀರದುದನ್ನು ಕೊಳ್ಳಬೇಕು. ಮೊಲದ ಆಹಾರ ಇದಕ್ಕೆ ಸಲ್ಲದು. ಮೊಲಕ್ಕೆ ಸಿ ಜೀವಸತ್ವದ ಹಂಗಿಲ್ಲ.

ಇಷ್ಟು ಹೇಳಿದರೂ ಪೇರಲೆ, ಸೊಪ್ಪುಗಳು ಊಟದ ಜೊತೆಗಿನ ವ್ಯಂಜನಗಳು, ಊಟವೆಂದರೆ ಹುಲ್ಲೇ. ಗಿನಿಯಿಲಿಯ ಬಾಯಲ್ಲಿರುವ ಇಪ್ಪತ್ತು ಹಲ್ಲುಗಳೂ ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ನಾರುಳ್ಳ ಹುಲ್ಲನ್ನು ದಿನವಿಡೀ ಅಗಿಯುತ್ತಿದ್ದರೆ ಮಾತ್ರ ಅವು ಸವೆದು ಹದದಲ್ಲಿ ನಿಲ್ಲುತ್ತವೆ. ಮೆತ್ತನೆಯ ಅನ್ನ, ಚಪಾತಿ ತಿಂದು ಬೆಳೆದ ಪ್ರಾಣಿಯಲ್ಲಿ ದವಡೆಯ ಹಲ್ಲು ಒಳಕ್ಕೆ ಬಾಗಿ ನಾಲಗೆಯನ್ನು ಒತ್ತುತ್ತದೆ. ಆಗ ಅದು ಆಹಾರದ ಮುಂದೆಯೇ ಕುಳಿತು ಉಪವಾಸ ಸಾಯುತ್ತದೆ. ಕರುಳಿಗೂ ಹುಲ್ಲೇ ಆಧಾರ. ಈ ಪ್ರಾಣಿಯ ಹೊಟ್ಟೆ ಬರಿದಾಗಿ ನಿಂತರೆ ಕರುಳಿನ ಚಲನೆಯೇ ನಿಂತುಬಿಡುತ್ತದೆ. ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಗೂಡಿನಲ್ಲಿ ಹಗಲೂ ರಾತ್ರಿಯೂ ಒಣಹುಲ್ಲು ಇರಲೇಬೇಕು. ಗರಿಕೆ ಅದಕ್ಕೆ ಬಲು ಇಷ್ಟ. ಮೆಕ್ಕೆಜೋಳದ ಎಳೆಯ ಗರಿ, ತೆನೆಯ ಹೊದಿಕೆ, ರೇಷ್ಮೆಯಂತಹ ಕೂದಲು ಇವನ್ನು ಶಿಕಾರಿಪುರದ ಸುತ್ತಿನವರು ತಿಪ್ಪೆಗೆಸೆಯುತ್ತಾರೆ. ಗಿನಿಯಿಲಿಗೆ ಅದೇ ಹಬ್ಬ. ಆದರೆ ಕಳೆನಾಶಕವನ್ನೋ ಕೀಟನಾಶಕವನ್ನೋ ಹೊಡೆದ ಹೊಲದಿಂದ ಒಂದು ಗರಿಯನ್ನೂ ತರಬಾರದು. ಪ್ರಾಣಿಯ ತೂಕವನ್ನು ನೆನೆದರೆ, ನಮಗೆ ಲೆಕ್ಕಕ್ಕೆ ಬಾರದ ವಿಷವೂ ಅದಕ್ಕೆ ಹೆಚ್ಚಾದೀತು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಹಾಲು, ಸಿಹಿತಿಂಡಿ ನಿಷಿದ್ಧ. ಬೇಲಿಯಲ್ಲಿ ಸಾಲುಗಟ್ಟಿ ಬೆಳೆಯುವ ಲಂಟಾನದ ಎಲೆ ದನಗಳಿಗೆ ವಿಷವಾದಂತೆ ಇದಕ್ಕೂ ವಿಷ.

ಇನ್ನೊಂದು ಸಂಗತಿಯನ್ನು ಕಂಡು ಮಕ್ಕಳು ಮೂಗು ಮುರಿಯುವುದುಂಟು. ಗಿನಿಯಿಲಿ ತನ್ನ ಹಿಕ್ಕೆಗಳಲ್ಲಿ ಮೆತ್ತನೆಯವನ್ನು ತಾನೇ ತಿನ್ನುತ್ತದೆ. ಇದು ರೋಗವೂ ಅಲ್ಲ, ಹಸಿವೆಯ ಗುರುತೂ ಅಲ್ಲ. ಕರುಳಿನ ಕೊನೆಯ ಭಾಗದಲ್ಲಿ ಜೀವಾಣುಗಳು ತಯಾರಿಸಿದ ಬಿ ಗುಂಪಿನ ಜೀವಸತ್ವಗಳನ್ನು ಅದು ಹೀಗೆ ಮತ್ತೆ ಪಡೆದುಕೊಳ್ಳುತ್ತದೆ. ಹಸು ಮೆಲುಕು ಹಾಕುವಂತೆ ಇದೂ ಒಂದು ಬಗೆಯ ಮೆಲುಕು.

ವಸತಿಯ ವಿಚಾರದಲ್ಲಿ ಆಡಂಬರ ಬೇಕಿಲ್ಲ. ಎರಡು ಪ್ರಾಣಿಗಳಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಬೇಕು. ಎತ್ತರ ಮುಖ್ಯವಲ್ಲ, ಏಕೆಂದರೆ ಅವು ಹತ್ತುವವಲ್ಲ, ಓಡುವವು. ಗಿಳಿಯ ಪಂಜರದಂತಹ ತಂತಿಯ ತಳ ಖಂಡಿತ ಕೂಡದು. ಅದರ ಮೇಲೆ ನಿಂತು ನಿಂತು ಅಂಗಾಲು ಹುಣ್ಣಾಗಿ, ಆ ಹುಣ್ಣು ಮೂಳೆಯವರೆಗೂ ಇಳಿಯುವುದುಂಟು. ಗಟ್ಟಿ ಹಲಗೆಯ ತಳದ ಮೇಲೆ ಹಳೆಯ ಹತ್ತಿಬಟ್ಟೆಯನ್ನೋ ಕಾಗದವನ್ನೋ ಹಾಸಿ, ಮೇಲೆ ಮೆದುವಾದ ಒಣಹುಲ್ಲನ್ನು ಹರಡಿದರೆ ಸಾಕು. ಭತ್ತದ ಹೊಟ್ಟು ನಮ್ಮಲ್ಲಿ ಹೇರಳವಾಗಿ ಸಿಕ್ಕಿದರೂ ಅದರ ಧೂಳು ಮೂಗಿಗೂ ಅದರ ಚೂಪು ಕಣ್ಣಿಗೂ ಕೆಟ್ಟದ್ದು. ಒದ್ದೆಯಾದ ಹಾಸನ್ನು ದಿನವೂ ತೆಗೆಯಬೇಕು. ಇಲ್ಲವಾದರೆ ಮೂತ್ರದ ಘಾಟು ಶ್ವಾಸಕೋಶವನ್ನು ಕೆಡಿಸುತ್ತದೆ. ಅಡಗಲು ಒಂದು ಮರೆ ಅತ್ಯವಶ್ಯ: ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆಯಾದರೂ ಆದೀತು. ಅಡಗಲು ಸ್ಥಳವಿಲ್ಲದ ಗಿನಿಯಿಲಿ ಹಗಲಿರುಳೂ ಹೆದರುತ್ತಲೇ ಇರುತ್ತದೆ. ಬೆಕ್ಕು, ಮುಂಗುಸಿ, ಹೆಗ್ಗಣಗಳಷ್ಟೇ ಅಲ್ಲ, ಬೆರಳು ತೂರುವ ಸಂದಿನಲ್ಲಿ ಹಾವೂ ಬರಬಹುದೆಂಬುದನ್ನು ಹಳ್ಳಿಯ ಮನೆಗಳಲ್ಲಿ ಮರೆಯಬಾರದು. ಮೇಲ್ಮುಚ್ಚಳವೂ ಸಣ್ಣ ಕಣ್ಣಿನ ಜಾಲರಿಯೂ ಇರಬೇಕು.

ಶಿಕಾರಿಪುರದ ಕಡೆ ಗಿನಿಯಿಲಿಗೆ ದೊಡ್ಡ ಶತ್ರುವೆಂದರೆ ಏಪ್ರಿಲ್ ತಿಂಗಳು. ಆಂಡಿಸ್‌ನ ತಂಪಿನಲ್ಲಿ ಹುಟ್ಟಿದ ಕುಲವಿದು. ಬೆವರುವ ಸೌಲಭ್ಯ ಅದರ ದೇಹಕ್ಕಿಲ್ಲ. 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 28 ದಾಟಿದರೆ ಎಚ್ಚರ ವಹಿಸಬೇಕು. ನಮ್ಮಲ್ಲಿ 35 ಡಿಗ್ರಿ ದಾಟುವ ಮಧ್ಯಾಹ್ನಗಳು ಅಪರೂಪವಲ್ಲ. ತಗಡಿನ ಮಾಡಿನ ಕೆಳಗೆ ಗೂಡನ್ನಿಟ್ಟು ಹೊಲಕ್ಕೆ ಹೋದರೆ, ಬರುವಷ್ಟರಲ್ಲಿ ಪ್ರಾಣಿ ಚಾಚಿ ಮಲಗಿ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ. ಅದು ಸಾವಿನ ಹೊಸ್ತಿಲು. ಮನೆಯ ಒಳಗಿನ ನಡುಕೋಣೆ, ಕಲ್ಲುಚಪ್ಪಡಿಯ ನೆಲ, ಗೂಡಿನ ಪಕ್ಕದಲ್ಲಿ ಒದ್ದೆ ಗೋಣಿಯ ಪರದೆ, ಮಡಕೆಯ ತಣ್ಣೀರು, ಇಷ್ಟಿದ್ದರೆ ಬೇಸಗೆಯನ್ನು ಕಳೆಯಬಹುದು. ಬಿಸಿಲಿನಿಂದ ಬಳಲಿದ ಪ್ರಾಣಿಯನ್ನು ಮಂಜುನೀರಿನಲ್ಲಿ ಅದ್ದಬಾರದು. ಕಿವಿ, ಪಾದಗಳನ್ನು ಸಾಧಾರಣ ತಂಪಿನ ನೀರಿನಿಂದ ಒರೆಸುತ್ತ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಪಶ್ಚಿಮದ ಸೊರಬ ತಾಲ್ಲೂಕಿನಲ್ಲಿ ಕಷ್ಟ ಬೇರೆಯ ಬಗೆಯದು. ನಮ್ಮ ಮನೆಯಲ್ಲಿ ಉಳಿದ ಗೋದಿಬಣ್ಣದ್ದು, ಪೇರಲೆ ಮತ್ತು ವೈದ್ಯರು ಕೊಟ್ಟ ಹನಿಗಳ ಬಲದಿಂದ ಒಂದು ವಾರದಲ್ಲಿ ನಡೆಯತೊಡಗಿತಾದರೂ, ಜೊತೆಯಿಲ್ಲದೆ ಮಂಕಾಗಿತ್ತು. ಸೊರಬದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಅದೇ ಜಾತಿಯ ಒಂದು ಹೆಣ್ಣಿತ್ತು. ಗಿನಿಯಿಲಿ ಗುಂಪಿನ ಪ್ರಾಣಿ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಇಂತಹ ಪ್ರಾಣಿಯನ್ನು ಒಂಟಿಯಾಗಿ ಸಾಕುವುದಕ್ಕೆ ಕಾನೂನಿನ ಸಮ್ಮತಿಯೇ ಇಲ್ಲ. ಹಾಗಾಗಿ ಮಳೆಗಾಲದ ಮುನ್ನ ನಮ್ಮದನ್ನು ಅಲ್ಲಿಗೆ ಕಳುಹಿಸಿದೆವು.

ಅಡಿಕೆ ತೋಟದ ಮಗ್ಗುಲಿನ ಆ ಮನೆಯಲ್ಲಿ ಸೆಖೆಯ ಭಯವಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ್ದೆಂಬುದು ಏನೂ ಇಲ್ಲ. ಮುಗ್ಗಿದ ಹುಲ್ಲು ಗಿನಿಯಿಲಿಯ ಹೊಟ್ಟೆಗೂ ಶ್ವಾಸಕ್ಕೂ ಕೇಡು. ಅಕ್ಕ ಮೇ ತಿಂಗಳಲ್ಲಿಯೇ ಹುಲ್ಲನ್ನು ಒಣಗಿಸಿ ಅಟ್ಟದ ಮೇಲೆ, ಒಲೆಯ ಕಾವು ತಾಗುವ ಕಡೆ ಕಟ್ಟಿಡುತ್ತಾಳೆ. ಹಸಿಹುಲ್ಲನ್ನು ನೀರು ಸೋರುವಂತೆ ಹರಡಿ, ಒರೆಸಿದ ಮೇಲೆಯೇ ಹಾಕುತ್ತಾಳೆ. ಥಂಡಿಗಾಳಿ ನೇರವಾಗಿ ಬೀಸುವ ಜಗಲಿಯಲ್ಲಿ ಗೂಡನ್ನಿಟ್ಟರೆ ನ್ಯುಮೋನಿಯ ಬರಲು ತಡವಿಲ್ಲ. ನಾಯಿ, ಮೊಲಗಳ ಮೂಗಿನಲ್ಲಿ ಅವಕ್ಕೆ ಅಷ್ಟೇನೂ ತೊಂದರೆ ಕೊಡದೆ ಇರುವ ಒಂದು ಜೀವಾಣು ಗಿನಿಯಿಲಿಗೆ ತಗುಲಿದರೆ ಮಾರಕ ನ್ಯುಮೋನಿಯವಾಗುವುದರಿಂದ, ಇವುಗಳನ್ನು ಒಂದೇ ಕಡೆ ಸಾಕುವುದು ಜಾಣತನವಲ್ಲ.

ಸೊರಬದ ಕಾಡಂಚಿನ ಮನೆಗಳಲ್ಲಿ ಮೇವು ತರುವವರ ಆರೋಗ್ಯವನ್ನೂ ನೆನೆಯಬೇಕಾಗುತ್ತದೆ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗರಿಗೆ ತೀವ್ರ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು, ಅದುವರೆಗೆ ಎಲ್ಲಿಯೂ ಕಾಣದಿದ್ದ ವೈರಸ್ಸೊಂದು ಇದಕ್ಕೆ ಕಾರಣವೆಂದೂ ಅದನ್ನು ಹರಡುವುದು ಕಾಡಿನ ಉಣುಗು ಅಥವಾ ಉಣ್ಣೆಯೆಂದೂ ಕಂಡುಹಿಡಿದರು. ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಕ್ಯಾಸನೂರಿನ ಹೆಸರೇ ನಿಂತಿದೆ. ನಮ್ಮ ಜನ ಮಂಗನ ಕಾಯಿಲೆ ಎನ್ನುತ್ತಾರೆ. ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಮರಿ ಉಣುಗುಗಳು ದರಗಿನ ನಡುವೆ, ಹುಲ್ಲಿನ ತುದಿಯಲ್ಲಿ ಕಾದಿರುತ್ತವೆ. ಗಿನಿಯಿಲಿಗೆ ಹುಲ್ಲು ಬೇಕೆಂದು ಮಗುವನ್ನು ಆ ಕಾಲದಲ್ಲಿ ಕಾಡಂಚಿಗೆ ಕಳುಹಿಸುವುದು, ಕೊಟ್ಟಿಗೆಗೆ ತಂದ ದರಗನ್ನು ಗೂಡಿಗೆ ಹಾಸುವುದು ಎರಡೂ ಅಪಾಯಕರ. ಮನೆಯ ಹಿತ್ತಲಿನಲ್ಲಿ ನಾಲ್ಕು ಮಾರು ಜಾಗದಲ್ಲಿ ಬೆಳೆಸಿದ ಗರಿಕೆಯೇ ಎರಡು ಪ್ರಾಣಿಗಳ ಹಸಿಮೇವಿಗೆ ಸಾಕು. ಪ್ರಾಣಿಯ ಕಿವಿಯ ಹಿಂದೆಯೋ ಕಾಲ್ಸಂದಿಯಲ್ಲಿಯೋ ಉಣುಗು ಕಂಡರೆ ಬೆರಳಿನಿಂದ ಹಿಸುಕಬಾರದು. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು, ಸಾಬೂನಿನಿಂದ ಕೈ ತೊಳೆಯಬೇಕು. ಕಾಡಿನ ಸಂಪರ್ಕವಾದ ಮೇಲೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ ಆ ಸಂಗತಿಯನ್ನೇ ಮೊದಲು ತಿಳಿಸಬೇಕು.

ಜೊತೆ ಬೇಕೆಂದರೆ ಹೆಣ್ಣು-ಗಂಡಿನ ಜೋಡಿಯೇ ಆಗಬೇಕೆಂದಿಲ್ಲ. ಎರಡು ಹೆಣ್ಣುಗಳು ಅನ್ಯೋನ್ಯವಾಗಿ ಬಾಳುತ್ತವೆ. ಅಂಗಡಿಯವರ ಲಿಂಗನಿರ್ಣಯವನ್ನು ನಂಬಿ ಎರಡು ತಂದವರು ಕೆಲವೇ ತಿಂಗಳಲ್ಲಿ ಆರನ್ನು ಎಣಿಸುವುದುಂಟು. ಗರ್ಭದ ಅವಧಿ 59ರಿಂದ 72 ದಿನ. ಇಲಿಯ ಮರಿಗಳಂತೆ ಕಣ್ಣು ಮುಚ್ಚಿ, ಮೈ ಬೋಳಾಗಿ ಹುಟ್ಟದೆ, ಇದರ ಮರಿಗಳು ಕೂದಲು, ಹಲ್ಲು, ತೆರೆದ ಕಣ್ಣುಗಳೊಡನೆ ಹುಟ್ಟಿ ಅಂದೇ ತಾಯಿಯ ಹಿಂದೆ ಓಡಾಡುತ್ತವೆ. ಗಂಡುಮರಿಗಳನ್ನು ಮೂರು ವಾರಗಳಿಗೇ ಬೇರ್ಪಡಿಸಬೇಕು. ಇಲ್ಲಿ ಒಂದು ಗಂಡಾಂತರವಿದೆ: ಆರೇಳು ತಿಂಗಳೊಳಗೆ ಒಮ್ಮೆಯೂ ಹೆರದ ಹೆಣ್ಣಿನ ಸೊಂಟದ ಮೂಳೆಗಳು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ, ಅನಂತರ ಗರ್ಭ ನಿಂತರೆ ಹೆರಿಗೆಯಲ್ಲಿ ತಾಯಿಯೂ ಮರಿಗಳೂ ಸಾಯಬಹುದು. ಬೆಳೆದ ಹೆಣ್ಣಿನ ಬಳಿ ಗಂಡನ್ನು ಬಿಡಬಾರದೆಂಬುದಕ್ಕೆ ಇಷ್ಟೇ ಕಾರಣ ಸಾಕು.

ರೋಗವನ್ನು ಮರೆಮಾಚುವ ಪ್ರಾಣಿಯ ಕಾಯಿಲೆಯನ್ನು ಕಂಡುಹಿಡಿಯುವ ಬಗೆ ಯಾವುದು? ಅದಕ್ಕೆ ದಿನಸಿ ಅಂಗಡಿಯ ತಕ್ಕಡಿಗಿಂತ ಉತ್ತಮವಾದ ಉಪಕರಣವನ್ನು ನಾನು ಕಾಣೆ. ಬೆಳೆದ ಗಿನಿಯಿಲಿ 700ರಿಂದ 1200 ಗ್ರಾಂ ತೂಗುತ್ತದೆ. ವಾರಕ್ಕೊಂದು ದಿನ, ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಬೇಕು. ಒಂದು ವಾರದಲ್ಲಿ 50 ಗ್ರಾಂ ಇಳಿದರೆ ಕಾರಣವನ್ನು ಹುಡುಕಬೇಕು. 100 ಗ್ರಾಂ ಇಳಿದರೆ ಹುಡುಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಪ್ರಾಣಿ ತಿನ್ನುವಂತೆ ನಟಿಸಬಹುದು, ತೂಕ ನಟಿಸಲಾರದು. ತೂಗುವಾಗಲೇ ಮುಂಗೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಭಾಗದ ಕೆಳಗೂ ಕೊಟ್ಟು ಎತ್ತಿ, ಕಣ್ಣು, ಮೂಗು, ಹಲ್ಲು, ಅಂಗಾಲು, ಉಗುರುಗಳನ್ನು ನೋಡಬೇಕು. ಹಿಕ್ಕೆ ಸಣ್ಣದಾದರೆ, ಕೂದಲು ಕೆದರಿದರೆ, ಕಣ್ಣು-ಮೂಗುಗಳಲ್ಲಿ ಒಸರು ಕಂಡರೆ, ಊಟದ ಹೊತ್ತಿಗೆ ಎಂದಿನಂತೆ ಕೂಗಿ ಕರೆಯದಿದ್ದರೆ ಅವೇ ಅದರ ದೂರುಗಳು. ಇಪ್ಪತ್ತನಾಲ್ಕು ಗಂಟೆ ಏನನ್ನೂ ತಿನ್ನದ ಗಿನಿಯಿಲಿಯನ್ನು ‘ನಾಳೆ ನೋಡೋಣ’ ಎಂದು ಬಿಡುವಂತಿಲ್ಲ. ಮೈಯಲ್ಲಿ ಕಜ್ಜಿಯಾದರೆ ಅದು ವಿಪರೀತ ಕೆರೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ನುಸಿ ಅದಕ್ಕೆ ಕಾರಣ. ಹುಳುಕಡ್ಡಿ ಕಂಡರೆ ಅದು ಎತ್ತಿಕೊಂಡವರ ಕೈಗೂ ಹತ್ತುತ್ತದೆ.

ಔಷಧದ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಮನೆಯಲ್ಲಿ ಉಳಿದ ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮಾತ್ರೆಗಳನ್ನು ಅರೆದು ಕುಡಿಸುವವರಿದ್ದಾರೆ. ಮಗುವಿನ ಕೆಮ್ಮನ್ನು ವಾಸಿಮಾಡಿದ ಔಷಧವೇ ಗಿನಿಯಿಲಿಯನ್ನು ಕೊಲ್ಲುತ್ತದೆ. ಹುಲ್ಲನ್ನು ಜೀರ್ಣಿಸುವ ಒಳ್ಳೆಯ ಜೀವಾಣುಗಳು ಈ ಔಷಧಗಳಿಂದ ನಾಶವಾಗಿ, ಅವುಗಳ ಸ್ಥಾನದಲ್ಲಿ ವಿಷಕಾರಿ ಜೀವಾಣುಗಳು ಬೆಳೆದು, ಕೆಲವೇ ದಿನಗಳಲ್ಲಿ ಭೇದಿಯಾಗಿ ಪ್ರಾಣಿ ಸಾಯುತ್ತದೆ. ಊರಿನ ಪಶು ಆಸ್ಪತ್ರೆಗಳ ವೈದ್ಯರು ದಿನವೂ ಕಾಣುವುದು ದನ, ಎಮ್ಮೆ, ಕುರಿಗಳನ್ನು. ಆದುದರಿಂದ ತಂದಿರುವುದು ಗಿನಿಯಿಲಿಯೆಂದೂ ಪೆನಿಸಿಲಿನ್ ಅದಕ್ಕೆ ಆಗದೆಂದೂ ವಿನಯದಿಂದ ನೆನಪಿಸುವುದರಲ್ಲಿ ತಪ್ಪಿಲ್ಲ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಶಿಕಾರಿಪುರ, ಸೊರಬಗಳಿಂದ ಅಲ್ಲಿಗೆ ಹೋಗಿಬರುವುದು ಒಂದು ದಿನದ ಕೆಲಸ.

ಚೆನ್ನಾಗಿ ಸಾಕಿದರೆ ಗಿನಿಯಿಲಿ ಐದರಿಂದ ಎಂಟು ವರ್ಷ ಬದುಕುತ್ತದೆ. ಆರನೆಯ ತರಗತಿಯ ಹುಡುಗ ಕಾಲೇಜಿಗೆ ಹೋಗುವಷ್ಟು ಕಾಲ. ಗೋದಿಬಣ್ಣದ್ದು ಈಗಲೂ ಅಕ್ಕನ ಮನೆಯಲ್ಲಿದೆ. ತಟ್ಟೆಯ ಸದ್ದಾದರೆ ಸಾಕು, ಎರಡೂ ಮುಂಗಾಲೆತ್ತಿ ನಿಂತು ‘ಕುಯ್, ಕುಯ್’ ಎಂದು ಮನೆಯನ್ನೇ ತುಂಬುತ್ತವೆ. ಪ್ರತಿ ಭಾನುವಾರ ಅಕ್ಕ ತೂಕವನ್ನು ಫೋನಿನಲ್ಲಿ ಹೇಳುತ್ತಾಳೆ, ನನ್ನ ಮಗ ಬರೆದುಕೊಳ್ಳುತ್ತಾನೆ. ಕಳೆದ ವಾರದ್ದು 940 ಗ್ರಾಂ. ಆ ಬರೆಪುಸ್ತಕವನ್ನು ಮೊನ್ನೆ ತಿರುವಿಹಾಕಿದೆ. ಮೊದಲ ಪುಟದಲ್ಲಿ ಎರಡು ಕಲಮುಗಳಿವೆ. ಗೋದಿಬಣ್ಣದ್ದರ ಕೆಳಗೆ ಅಂಕೆಗಳು ಸಾಲಾಗಿ ಇಳಿದಿವೆ. ಕಪ್ಪು-ಬಿಳಿಯದರ ಕೆಳಗೆ ಒಂದೇ ಸಾಲಿದೆ: ‘ತೂಕ ನೋಡಿರಲಿಲ್ಲ.’